ಕಾಯಿಲೆ ತಾಯಿಗೆ, ಕರುವಿಗಲ್ಲ

1901ರ ಜುಲೈ ತಿಂಗಳು. ಲಂಡನ್ನಿನಲ್ಲಿ ಸೇರಿದ್ದ ಕ್ಷಯರೋಗ ಸಮ್ಮೇಳನದಲ್ಲಿ ರಾಬರ್ಟ್ ಕಾಕ್ ಆಡಿದ ಮಾತು ಸಭೆಯನ್ನು ಬೆಚ್ಚಿಬೀಳಿಸಿತು. ದನದ ಕ್ಷಯ ಮನುಷ್ಯನಿಗೆ ಅಂಟುವುದು ತೀರಾ ಅಪರೂಪ, ಅದಕ್ಕಾಗಿ ವಿಶೇಷ ಕ್ರಮವೇನೂ ಬೇಕಿಲ್ಲ ಎಂದರು ಅವರು. 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದವರೇ ಹೀಗೆಂದರೆ? ಸಭೆಯಲ್ಲೇ ಆಕ್ಷೇಪ ಬಂತು. ಬ್ರಿಟಿಷ್ ಸರಕಾರ ಅದೇ ವರ್ಷ ಒಂದು ಆಯೋಗವನ್ನು ನೇಮಿಸಿತು. 1911ರಲ್ಲಿ ಹೊರಬಿದ್ದ ಅದರ ಕೊನೆಯ ವರದಿ ಕಾಕ್ ಮಾತಿಗೆ ವಿರುದ್ಧವಾಗಿತ್ತು. ರೋಗ ಹತ್ತಿದ ಹಸುವಿನ ಹಸಿ ಹಾಲಿನಿಂದ ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ಕ್ಷಯ ತಗಲುತ್ತದೆ. ಕತ್ತಿನ ಗ್ರಂಥಿ, ಕರುಳುಗಳಲ್ಲಿ ನೆಲೆಸುತ್ತದೆ. ಅಷ್ಟರಲ್ಲಿ ಕಾಕ್ ತೀರಿಕೊಂಡಿದ್ದರು. ಎಷ್ಟೇ ದೊಡ್ಡವರ ಮಾತಾದರೂ ಪ್ರಯೋಗಕ್ಕೆ ಒಡ್ಡಲೇಬೇಕು ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಈ ರೋಗದ ಕೆಟ್ಟ ಗುಣವೆಂದರೆ ಅವಿತಿರುವುದು. ಮೈಕೋಬ್ಯಾಕ್ಟೀರಿಯಂ ಬೋವಿಸ್ ಎಂಬ ರೋಗಾಣು ಹೊಕ್ಕ ಹಸು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚೆನ್ನಾಗಿಯೇ ಮೇಯುತ್ತದೆ, ಹಾಲನ್ನೂ ಕೊಡುತ್ತದೆ. ಕೆಮ್ಮಿ ಸೊರಗುವ ಹೊತ್ತಿಗೆ ಗಾಳಿಯಾಡದ ಕೊಟ್ಟಿಗೆಯಲ್ಲಿ ಪಕ್ಕದ ರಾಸುಗಳಿಗೂ ಉಸಿರಿನ ಮೂಲಕ ಅದು ಹರಡಿರಬಹುದು.

ಗುಟ್ಟನ್ನು ಬಯಲು ಮಾಡುವ ಉಪಾಯ ಸಿಕ್ಕಿದ್ದೂ ಕಾಕ್ ಅವರಿಂದಲೇ! 1890ರಲ್ಲಿ ಅವರು ಕ್ಷಯಕ್ಕೆ ಮದ್ದೆಂದು ಸಾರಿದ ಟ್ಯುಬರ್ಕ್ಯುಲಿನ್ ಮದ್ದಾಗಿ ಸೋತಿತು, ಪರೀಕ್ಷೆಯಾಗಿ ಗೆದ್ದಿತು. ಇಂದು ಪಶುವೈದ್ಯರು ಅದರ 0.1 ಮಿಲಿಲೀಟರಿನಷ್ಟನ್ನು ಹಸುವಿನ ಕತ್ತಿನ ಚರ್ಮದೊಳಕ್ಕೆ ಚುಚ್ಚಿ, 72 ಗಂಟೆಗಳ ನಂತರ ಚರ್ಮ ಎಷ್ಟು ದಪ್ಪವಾಗಿದೆ ಎಂದು ಅಳೆಯುತ್ತಾರೆ. ಊತ ಹೆಚ್ಚಾಗಿದ್ದರೆ ಅನುಮಾನ ಬಲವಾಯಿತು.

ಸರಿ, ಅನುಮಾನ ಬಂದ ಹಸುವನ್ನು ಏನು ಮಾಡುವುದು? ಅಮೆರಿಕ 1917ರಿಂದ ಅಂಥವನ್ನು ಕೊಲ್ಲಿಸಿ ರೈತನಿಗೆ ಪರಿಹಾರ ಕೊಡುವ ದಾರಿ ಹಿಡಿಯಿತು. ಅದಕ್ಕೂ ಮೊದಲು, 1890ರ ದಶಕದಲ್ಲಿ, ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ ಬೇರೆ ರೀತಿ ಯೋಚಿಸಿದರು. ಹಟ್ಟಿಯ ಅರ್ಧದಷ್ಟು ಹಸುಗಳಲ್ಲಿ ರೋಗ ಕಂಡರೆ ಎಲ್ಲವನ್ನೂ ಕೊಂದ ರೈತ ಬದುಕುವುದೆಂತು? ಕ್ಷಯವಿರುವ ಹಸುವಿಗೆ ಹುಟ್ಟುವ ಕರು ಸಾಮಾನ್ಯವಾಗಿ ರೋಗ ಹೊತ್ತು ಬರುವುದಿಲ್ಲ. ಅದಕ್ಕೆ ರೋಗ ತಗಲುವುದು ಆಮೇಲೆ, ತಾಯಿಯ ಹಾಲಿನಿಂದ, ಉಸಿರಿನಿಂದ. ಹಾಗಾಗಿ ಬ್ಯಾಂಗ್ ಕರುವನ್ನು ಹುಟ್ಟಿದೊಡನೆ ಬೇರ್ಪಡಿಸಿ, ಕಾಯಿಸಿದ ಹಾಲಿನಲ್ಲಿ ಸಾಕಿಸಿದರು. ರೋಗದ ಹಸುಗಳಿಗೆ ಬೇರೆ ಜಾಗ, ಬೇರೆ ಆಳು. ಆರೋಗ್ಯದ ಗುಂಪಿಗೆ ಮತ್ತೆ ಮತ್ತೆ ಪರೀಕ್ಷೆ. ಹಳೆಯ ಹಸುಗಳು ದುಡಿದು ಮುಗಿಯುವಷ್ಟರಲ್ಲಿ ಹೊಸ ಹಟ್ಟಿ ಬೆಳೆದಿರುತ್ತಿತ್ತು.

ಇನ್ನೊಂದು ಬಿರುಕನ್ನೂ ಡೇನರು ಮುಚ್ಚಿದರು. ಸಹಕಾರಿ ಡೇರಿಯಲ್ಲಿ ಹತ್ತಾರು ಮನೆಗಳ ಹಾಲು ಬೆರೆತು, ಕೆನೆ ತೆಗೆದ ಹಾಲು ಕರುಗಳಿಗೆಂದು ಮತ್ತೆ ಊರಿಗೆ ಬರುತ್ತಿತ್ತು. ಒಬ್ಬನ ಹಸುವಿನ ರೋಗ ಊರಿನ ಕರುಗಳಿಗೆಲ್ಲ! ಆ ಹಾಲನ್ನು ಕಾಯಿಸಿಯೇ ಹಿಂದಿರುಗಿಸಬೇಕೆಂದು 1898ರಲ್ಲಿ ಕಾನೂನಾಯಿತು.

ಹಸುವನ್ನು ಕೊಲ್ಲಲು ಕಾನೂನೂ ಮನಸ್ಸೂ ಒಪ್ಪದ ನಮ್ಮಲ್ಲಿ ಅಮೆರಿಕದ ದಾರಿಗಿಂತ ಬ್ಯಾಂಗ್ ದಾರಿಯೇ ಹತ್ತಿರದ್ದು. ಜಾತ್ರೆಯಿಂದ ತಂದ ಹಸುವನ್ನು ನೇರ ಕೊಟ್ಟಿಗೆಗೆ ಕಟ್ಟದೆ, ಪರೀಕ್ಷೆಯಾಗುವವರೆಗೆ ದೂರ ಕಟ್ಟುವುದಕ್ಕೆ ಖರ್ಚೇನಿಲ್ಲ, ಒಂದು ಗೂಟ ಸಾಕು. ಕೊಟ್ಟಿಗೆಗೆ ಗಾಳಿ ಬೆಳಕು ಬರಲಿ. ಮನೆಯಲ್ಲಿ ಕ್ಷಯದ ರೋಗಿಯಿದ್ದರೆ ಅವರು ಹಾಲು ಕರೆಯಬಾರದು. ಮನುಷ್ಯನಿಂದ ದನಕ್ಕೂ ಕ್ಷಯ ಹೋಗಬಲ್ಲದು. ಕರೆದ ನೊರೆಹಾಲನ್ನು ಹಾಗೆಯೇ ಮಗುವಿಗೆ ಕುಡಿಸುವ ಅಭ್ಯಾಸ ಬೇಡ. ಉಕ್ಕಿ ಬರುವಂತೆ ಕಾಯಿಸಿದರೆ ರೋಗಾಣು ಸಾಯುತ್ತದೆ. ಡೇರಿಯಲ್ಲಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸುವುದೂ ಇದಕ್ಕಾಗಿಯೇ.

ಮಕ್ಕಳಿಗೆ ಹಾಕುವ ಬಿ.ಸಿ.ಜಿ. ಲಸಿಕೆ ತಯಾರಾದದ್ದು ದನದ ಕ್ಷಯದ ರೋಗಾಣುವಿನಿಂದಲೇ. ಅದನ್ನು ಹಸುವಿಗೇ ಏಕೆ ಹಾಕಬಾರದು ಎಂದು ಯಾರಾದರೂ ಕೇಳಬಹುದು. ಹಾಕಿದರೆ ಟ್ಯುಬರ್ಕ್ಯುಲಿನ್ ಚುಚ್ಚಿದಾಗ ಆರೋಗ್ಯದ ಹಸುವಿನ ಕತ್ತೂ ಊದಿಕೊಳ್ಳಬಹುದು, ರೋಗದ್ದು ಯಾವುದು, ಲಸಿಕೆಯದು ಯಾವುದು ತಿಳಿಯುವುದಿಲ್ಲ. ಎರಡನ್ನೂ ಬೇರ್ಪಡಿಸಿ ತೋರುವ ಹೊಸ ಪರೀಕ್ಷೆಗಳ ಮೇಲೆ ವಿಜ್ಞಾನಿಗಳು ಈಗ ಕೆಲಸ ಮಾಡುತ್ತಿದ್ದಾರೆ.