ಜಾತಿನಾಯಿ, ಬೀದಿನಾಯಿ ಮತ್ತು ಮನೆಯ ಹೊಸ್ತಿಲು

ನಾಯಿಯ ವಿಷಯದಲ್ಲಿ ನಮ್ಮ ನುಡಿ ಯಾವ ಸಂಕೋಚವನ್ನೂ ಇಟ್ಟುಕೊಂಡಿಲ್ಲ. ಕಾಗದಪತ್ರವಿರುವ ಲ್ಯಾಬ್ರಡಾರ್ ಆದರೆ ಅದು 'ಜಾತಿನಾಯಿ'. ಓಣಿಯಲ್ಲಿ ಹುಟ್ಟಿ ಓಣಿಯಲ್ಲೇ ಬೆಳೆದದ್ದಾದರೆ 'ಬೀದಿನಾಯಿ'. ಇನ್ನೂ ಒಂದು ಮೆಟ್ಟಿಲು ಇಳಿದರೆ 'ಕಂತ್ರಿನಾಯಿ'. ಈ 'ಕಂತ್ರಿ' ಇಂಗ್ಲಿಷಿನ 'ಕಂಟ್ರಿ' ಎಂಬ ಪದದಿಂದ ಬಂದದ್ದೆಂದು ಹೇಳುವುದುಂಟು. ಹಾಗಿದ್ದರೆ ನಾಡಿನದು ಎಂಬ ಮಾತೇ ಬೈಗುಳವಾದ ಪರಿ ಇದು. ಕೋಳಿಯಾದರೆ ನಮಗೆ ನಾಟಿಯೇ ಬೇಕು. ಫಾರಂ ಕೋಳಿಗಿಂತ ಹೆಚ್ಚು ಬೆಲೆ ತೆತ್ತು ತರುತ್ತೇವೆ. ತುಪ್ಪವಾದರೆ ನಾಟಿ ಹಸುವಿನದೇ ಶ್ರೇಷ್ಠವೆಂದು ನಂಬುತ್ತೇವೆ. ನಾಯಿಯ ಮಟ್ಟಿಗೆ ಮಾತ್ರ ನಾಟಿಯೆಂದರೆ ಮೂಗು ಮುರಿಯುತ್ತೇವೆ.

ಮುಂಬಯಿ, ಪುಣೆ, ಚೆನ್ನೈಗಳ ಕನ್ನಡಿಗರ ಮನೆಗಳಲ್ಲಿ ಈಗ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆಯೊಂದಿದೆ. ಮಕ್ಕಳು ಹಟ ಹಿಡಿದಿದ್ದಾರೆ, ನಾಯಿಯೊಂದು ಬೇಕು. ಬ್ರೀಡರ್ ಬಳಿ ಕೊಳ್ಳುವುದೋ, ಶೆಲ್ಟರಿನಿಂದ ತರುವುದೋ? ಒಂದು ಬಣದವರು ಕೊಳ್ಳುವುದೇ ಪಾಪವೆನ್ನುತ್ತಾರೆ. ಇನ್ನೊಂದು ಬಣದವರು ಗೊತ್ತುಗುರಿಯಿಲ್ಲದ ಪ್ರಾಣಿಯನ್ನು ಮಕ್ಕಳಿರುವ ಮನೆಗೆ ತರುವುದು ಹುಚ್ಚುತನವೆನ್ನುತ್ತಾರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನಗರದ ಸಾಮಾನ್ಯ ಕುಟುಂಬವೊಂದು ಮೊದಲು ಹೋಗಬೇಕಾದದ್ದು ಶೆಲ್ಟರಿಗೆ. ಅಲ್ಲಿಯೂ ಮರಿಯತ್ತ ಅಲ್ಲ, ಬೆಳೆದ ನಾಯಿಯತ್ತ. ಆದರೆ ಇದಕ್ಕೆ ನಾವು ಕೊಡುವ ಕಾರಣ ದಯೆಯೊಂದೇ ಅಲ್ಲ.

ತಳಿ ಎಂಬುದನ್ನೇ ಹಳಿಯುವುದು ನಮ್ಮ ಉದ್ದೇಶವಲ್ಲ. ಕನ್ನಡದ ಬಹು ಪ್ರಸಿದ್ಧ ನಾಯಿ ಹತ್ತನೆಯ ಶತಮಾನದ ಆತಕೂರು ಶಾಸನದ ಕಾಳಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗ ದೊರೆ ಇಮ್ಮಡಿ ಬೂತುಗ ಮೆಚ್ಚಿ ಏನು ಬೇಕೆಂದಾಗ ಅವನು ಬೇಡಿದ್ದು ಆ ಬೇಟೆನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ. ಆ ಕಲ್ಲು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಅರಮನೆಯಲ್ಲಿ ಆಯ್ದು ಸಾಕಿದ ನಾಯಿ, ನಿಜ. ಆದರೆ ಕಲ್ಲು ನೆನೆಯುವುದು ಅದರ ಕೆಲಸವನ್ನು. ಇನ್ನೊಂದು ತುದಿಯಲ್ಲಿ ಮಹಾಭಾರತವಿದೆ. ಅದರ ಆದಿಪರ್ವದಲ್ಲೇ ಜನಮೇಜಯನ ತಮ್ಮಂದಿರಿಂದ ಸುಮ್ಮನೆ ಪೆಟ್ಟು ತಿಂದ ನಾಯಿಯೊಂದರ ತಾಯಿ ಸರಮೆ ನ್ಯಾಯ ಕೇಳಲು ಬರುತ್ತಾಳೆ. ಮಹಾಪ್ರಸ್ಥಾನದಲ್ಲಿ ಧರ್ಮರಾಯ ತನ್ನ ಬೆನ್ನು ಹಿಡಿದು ಬಂದ ನಾಯಿಯನ್ನು ಬಿಟ್ಟು ರಥ ಹತ್ತಲೊಲ್ಲೆನೆನ್ನುತ್ತಾನೆ. ಆ ನಾಯಿಯ ತಳಿ ಯಾವುದೆಂದು ಯಾರೂ ಕೇಳಲಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರು ಗುತ್ತಿಯ ಹುಲಿಯನನ್ನು ಮರೆಯಲಾರರು. ಅವನು ನಾಯಿಗುತ್ತಿಯೆನಿಸಿಕೊಂಡದ್ದೇ ಆ ನಾಯಿಯಿಂದ. ಹೀಗೆ ನಮ್ಮ ನೆನಪಿನಲ್ಲಿ ಎರಡು ಬಗೆಯ ನಾಯಿಗಳಿಗೂ ಜಾಗವಿದೆ. ಕಾಗದ ನೋಡಿ ಬೆಲೆ ಕಟ್ಟುವ ಚಟ ಈಚಿನದು.

ಈಗಿನ ವ್ಯಾಪಾರವನ್ನು ನೋಡೋಣ. ಕೇಂದ್ರ ಸರ್ಕಾರ 2017ರಲ್ಲಿ ನಾಯಿಗಳ ತಳಿ ಸಾಕಣೆ ಮತ್ತು ಮಾರಾಟಕ್ಕೆ ನಿಯಮಗಳನ್ನು ತಂದಿತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬಂದ ಈ ನಿಯಮಗಳ ಪ್ರಕಾರ ಬ್ರೀಡರ್ ಆದವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣುನಾಯಿಗೆ ಗರ್ಭ ಕಟ್ಟಿಸುವಂತಿಲ್ಲ. ನಾಯಿಗಳಿಗೆ ಮೈಕ್ರೋಚಿಪ್ ಹಾಕಿಸಿರಬೇಕು, ಲಸಿಕೆಯ ದಾಖಲೆ ಇರಬೇಕು. ನಿಯಮ ಚೆನ್ನಾಗಿಯೇ ಇದೆ. ಆದರೆ ನಗರದಲ್ಲಿ ಮರಿಯನ್ನು ಕೊಂಡವರನ್ನು ವಿಚಾರಿಸಿ ನೋಡಿ. ಬಹಳ ಮಂದಿ ಮೊಬೈಲಿನಲ್ಲಿ ಚಿತ್ರ ನೋಡಿ ಮುಂಗಡ ಕಳಿಸಿದವರು. ಮರಿ ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಮನೆಯ ಬಾಗಿಲಿಗೆ ಬಂದಿರುತ್ತದೆ. ತಂದುಕೊಟ್ಟವನು ಮಧ್ಯವರ್ತಿ. ಅದರ ತಾಯಿಯನ್ನು ಕಂಡಿರಾ ಎಂದು ಕೇಳಿದರೆ ಉತ್ತರವಿಲ್ಲ.

ಕಾಣಿಸದ ಆ ತಾಯಿಯೇ ಈ ಇಡೀ ಚರ್ಚೆಯ ತಿರುಳು. ಹಿತ್ತಲಿನ ಗೂಡಿನಲ್ಲಿ ಕಟ್ಟಿಹಾಕಿಸಿಕೊಂಡು, ಬೆದೆಗೆ ಬಂದಾಗಲೆಲ್ಲ ಮರಿ ಹಾಕುತ್ತ, ಇನ್ನು ಸಾಧ್ಯವಿಲ್ಲವೆಂಬ ದಿನ ಬೀದಿಗೆ ಬೀಳುವ ಪ್ರಾಣಿ ಅದು. ಅಂಥಲ್ಲಿ ಹತ್ತಿರದ ರಕ್ತಸಂಬಂಧದ ನಾಯಿಗಳನ್ನೇ ಕೂಡಿಸುವುದುಂಟು. ಅದರ ಫಲವನ್ನು ಮರಿ ಮುಂದೆ ಉಣ್ಣುತ್ತದೆ. 2022ರಲ್ಲಿ ತೆರೆಕಂಡ '777 ಚಾರ್ಲಿ' ಈ ಸಂಗತಿಯನ್ನೇ ಹೇಳಿತು, ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಆ ಚಿತ್ರ ನೋಡಿ ಬಂದು ಚಾರ್ಲಿಯಂಥದೇ ಮರಿ ಬೇಕೆಂದು ಮೊಬೈಲಿನಲ್ಲಿ ಹುಡುಕುವುದಾದರೆ ಸುರಿಸಿದ ಕಣ್ಣೀರಿಗೆ ಅರ್ಥವೇನು?

ಮೆಚ್ಚುಗೆಯೂ ಕೆಲವೊಮ್ಮೆ ಪ್ರಾಣಿಗೆ ಶಿಕ್ಷೆಯಾಗುತ್ತದೆ. ಎರಡು ದಶಕಗಳ ಹಿಂದೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುತ್ತಿದ್ದ ಪಗ್ ದೇಶಕ್ಕೆಲ್ಲ ಮುದ್ದಾಯಿತು. ಚಪ್ಪಟೆ ಮೂತಿಯೇ ಅದರ ಚೆಲುವು, ಆ ಮೂತಿಯೇ ಅದರ ಕಷ್ಟ. ಕಿರಿದಾದ ಶ್ವಾಸಮಾರ್ಗದ ಆ ಪ್ರಾಣಿ ಚೆನ್ನೈಯ ಮೇ ತಿಂಗಳಲ್ಲಿ ಒಂದು ಸುತ್ತು ನಡೆದು ಬಂದರೆ ಏದುಸಿರು ಬಿಡುತ್ತದೆ. ಅದರ ಗೊರಕೆಗೆ ನಾವು ನಗುತ್ತೇವೆ, ಪಶುವೈದ್ಯರು ನಗುವುದಿಲ್ಲ. ಹಿಮದ ನಾಡಿನಲ್ಲಿ ಬಂಡಿ ಎಳೆಯಲೆಂದು ಬೆಳೆಸಿದ ಹಸ್ಕಿಯನ್ನು ಹೈದರಾಬಾದಿನ ಫ್ಲಾಟಿನಲ್ಲಿ ಏಸಿ ಹಾಕಿ ಕೂರಿಸುವುದನ್ನು ಪ್ರೀತಿಯೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ.

ಹಾಗಾದರೆ ಒಳ್ಳೆಯ ಬ್ರೀಡರ್ ಇಲ್ಲವೇ ಇಲ್ಲವೇ? ಇದ್ದಾರೆ, ಅವರ ಕೆಲಸಕ್ಕೆ ಬೆಲೆಯೂ ಇದೆ. ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. ಬಾಗಲಕೋಟೆ ಸೀಮೆಯ ಈ ಬೇಟೆನಾಯಿಯನ್ನು ಘೋರ್ಪಡೆ ಅರಸರು ಪೋಷಿಸಿದರು, ಹಳ್ಳಿಯ ಮನೆಗಳು ಉಳಿಸಿಕೊಂಡವು. 2005ರಲ್ಲಿ ಅದು ಅಂಚೆಚೀಟಿಯ ಮೇಲೆ ಬಂತು. ಮುಂದೆ ಸೇನೆ ತರಬೇತಿಗೆಂದು ಅದರ ಮರಿಗಳನ್ನು ಮೀರತ್ತಿಗೆ ಒಯ್ದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಯಾರೂ ಆಯ್ದು ಬೆಳೆಸದಿದ್ದರೆ ಇಂಥ ತಳಿ ಉಳಿಯದು. ಹೊಲ, ತೋಟ, ಓಡಲು ಬಯಲು ಇರುವವರು ತಾಯಿ ನಾಯಿಯನ್ನು ಕಣ್ಣಾರೆ ಕಂಡು ಮುಧೋಳದ ಮರಿಯನ್ನು ತಂದರೆ ನಾವು ತಪ್ಪೆನ್ನುವುದಿಲ್ಲ. ಆದರೆ ಓಡುವುದಕ್ಕೆಂದೇ ಹುಟ್ಟಿದ ಆ ಪ್ರಾಣಿಯನ್ನು ಊರಿನ ಅಭಿಮಾನದ ಹೆಸರಿನಲ್ಲಿ ಡೊಂಬಿವಲಿಯ ಎರಡು ಕೋಣೆಯ ಮನೆಗೆ ತರುವುದು ಅಭಿಮಾನಕ್ಕೂ ನಾಯಿಗೂ ಒಳ್ಳೆಯದಲ್ಲ.

ಇನ್ನು ಶೆಲ್ಟರುಗಳ ಮಾತು. ನಾವಿರುವ ಊರುಗಳಿಗೆ ಈ ವಿಷಯದಲ್ಲಿ ಹಳೆಯ ಚರಿತ್ರೆಯೇ ಇದೆ. 1832ರ ಜೂನ್‌ನಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಬ್ರಿಟಿಷರ ಆದೇಶದ ವಿರುದ್ಧ ಮುಂಬಯಿಯ ಪಾರ್ಸಿಗಳು ಬೀದಿಗಿಳಿದರು, ಅಂಗಡಿಗಳು ಮುಚ್ಚಿದವು, ಸೈನ್ಯವನ್ನು ಕರೆಸಬೇಕಾಯಿತು. ಚೆನ್ನೈಯಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಎಂದು ವಾದಿಸಿತು. ಆ ವಿಚಾರವೇ ಮುಂದೆ 2001ರ ನಿಯಮಗಳಾಗಿ ದೇಶಕ್ಕೆಲ್ಲ ಅನ್ವಯವಾಯಿತು, 2023ರಲ್ಲಿ ಹೊಸ ರೂಪ ಪಡೆಯಿತು. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳನ್ನೆಲ್ಲ ಶೆಲ್ಟರಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿ, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಮಾರ್ಪಡಿಸಿದಾಗ, ನಾಯಿಗಳನ್ನು ದತ್ತು ಪಡೆಯಲಿಚ್ಛಿಸುವವರು ಪಾಲಿಕೆಗೆ ಅರ್ಜಿ ಹಾಕಬಹುದೆಂದೂ, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರಕೂಡದೆಂದೂ ತಿಳಿಸಿತು. ನಾಯಿ ಕಡಿತದಿಂದ ನೊಂದವರ ಸಿಟ್ಟು ಸುಳ್ಳಲ್ಲ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರಿಲ್ಲವೆಂಬುದನ್ನು ಪ್ರಾಣಿಪ್ರಿಯರು ಮರೆಯಬಾರದು. ಆದರೆ ಲಸಿಕೆ, ಶಸ್ತ್ರಚಿಕಿತ್ಸೆ ಎರಡೂ ಆಗಿ ಒಂದು ಮನೆ ಸೇರುವ ಪ್ರತಿ ನಾಯಿಯಿಂದ ಬೀದಿಯ ಭಾರ ಅಷ್ಟರಮಟ್ಟಿಗೆ ಇಳಿಯುತ್ತದೆ. ಕೊಂಡು ತಂದ ಮರಿಯಿಂದ ಇಳಿಯುವುದಿಲ್ಲ.

ತಳಿ ಗೊತ್ತಿದ್ದರೆ ಸ್ವಭಾವ ಗೊತ್ತಿದ್ದಂತೆ ಎಂಬುದು ಎದುರು ವಾದ. ಮೈಗಾತ್ರ, ಕೂದಲು, ಕೆಲವು ಒಲವುಗಳ ಮಟ್ಟಿಗೆ ಅದು ಸರಿ. ಆದರೆ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ನೋಡಿ, ನಾಯಿ ನಾಯಿಗಳ ನಡುವಣ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರವೆಂದು ಕಂಡುಕೊಂಡಿತು. ಮೂರು ವಾರದಿಂದ ಹನ್ನೆರಡು ಹದಿನಾಲ್ಕು ವಾರಗಳವರೆಗಿನ ಮರಿಯ ಬಾಳು, ಅದು ಕಂಡ ಜನ, ಕೇಳಿದ ಸದ್ದು, ತಾಯಿಯ ಜೊತೆ ಕಳೆದ ದಿನಗಳು ಅದರ ಸ್ವಭಾವದ ಮೇಲೆ ಆಳವಾದ ಗುರುತು ಬಿಡುತ್ತವೆ. ಐದು ವಾರಕ್ಕೇ ತಾಯಿಯಿಂದ ಕಿತ್ತು ಪೆಟ್ಟಿಗೆಯಲ್ಲಿ ಬಂದ 'ಜಾತಿ'ಮರಿಯ ಸ್ವಭಾವ ಏನಾದೀತೆಂದು ಯಾವ ವಂಶಾವಳಿಯ ಕಾಗದವೂ ಹೇಳದು. ಆ ಕಾಗದ ಹೇಳುವುದು ಕುಲವನ್ನು, ಆರೋಗ್ಯವನ್ನಲ್ಲ.

ಬೆಳೆದ ನಾಯಿಯನ್ನೇ ತನ್ನಿ ಎಂದದ್ದು ಇದಕ್ಕಾಗಿಯೇ. ಮೂರು ವರ್ಷದ ನಾಯಿ ಹೇಗಿದೆಯೋ ಹಾಗೆ ಎದುರು ನಿಂತಿರುತ್ತದೆ. ಮಕ್ಕಳ ಕೂಗಾಟಕ್ಕೆ ಬೆದರುತ್ತದೆಯೇ, ಲಿಫ್ಟ್ ಹತ್ತುತ್ತದೆಯೇ, ಒಂಟಿಯಾಗಿ ಎರಡು ತಾಸು ಇರಬಲ್ಲದೇ ಎಂಬುದನ್ನು ನಾಲ್ಕು ಸಲ ಹೋಗಿ ನೋಡಬಹುದು. ಬ್ರೀಡರ್ ತೋರಿಸುವುದು ಮುಂದೆ ಏನಾದೀತೆಂಬ ಊಹೆಯನ್ನು. ಶೆಲ್ಟರಿನ ಬೆಳೆದ ನಾಯಿ ಈಗಾಗಲೇ ಆಗಿರುವ ಸಂಗತಿ. ಅಷ್ಟಾಗಿಯೂ ಲ್ಯಾಬ್ರಡಾರೇ ಬೇಕೆನ್ನುವವರಿಗೆ ಒಂದು ಮಾತು: ಮಾಲೀಕರು ಬಿಟ್ಟುಹೋದ ಲ್ಯಾಬ್ರಡಾರ್, ಪಗ್, ಹಸ್ಕಿಗಳು ನಮ್ಮ ನಗರಗಳ ಶೆಲ್ಟರುಗಳಲ್ಲೂ ಸಿಗುತ್ತವೆ. ಅವೂ ಒಂದು ಕಾಲಕ್ಕೆ ಯಾರದೋ ಹುಟ್ಟುಹಬ್ಬದ ಉಡುಗೊರೆಗಳೇ.

ಶೆಲ್ಟರಿನವರು ತಿದ್ದಿಕೊಳ್ಳಬೇಕಾದದ್ದೂ ಇದೆ. ನಾಯಿ ಹಿಂದೆ ಯಾರನ್ನಾದರೂ ಕಚ್ಚಿದ್ದರೆ ಅದನ್ನು ಮುಚ್ಚಿಡುವುದು ಕರುಣೆಯಲ್ಲ, ಮೋಸ. ಬಾಡಿಗೆ ಮನೆಯವರೆಂಬ ಒಂದೇ ಕಾರಣಕ್ಕೆ ಬಂದವರನ್ನು ಅನುಮಾನಿಸಿ ವಾಪಸು ಕಳಿಸುವುದೂ ಸಲ್ಲದು. ಹಾಗೆ ಅವಮಾನಗೊಂಡವರು ನೇರ ಮಧ್ಯವರ್ತಿಯ ಬಳಿಗೆ ಹೋಗುತ್ತಾರೆ. ಕಿಕ್ಕಿರಿದ ಶೆಲ್ಟರಿನಲ್ಲಿ ಡಿಸ್ಟೆಂಪರ್, ಪಾರ್ವೊ ರೋಗಗಳು ಹರಡುವುದು ಸುಲಭ. ಆದ್ದರಿಂದ ತರುವವರು ಲಸಿಕೆಯ ಪುಸ್ತಕ ಕೇಳಿ ನೋಡಬೇಕು, ಮೊದಲ ವಾರದಲ್ಲೇ ಪಶುವೈದ್ಯರಿಗೆ ತೋರಿಸಬೇಕು. ಕೆಲವು ವಾರ ಮನೆಯಲ್ಲಿಟ್ಟುಕೊಂಡು ನೋಡುವ ಅವಕಾಶ ಕೊಡುವ ಶೆಲ್ಟರ್ ಸಿಕ್ಕರೆ ಉತ್ತಮ. ನಾಯಿಯನ್ನು ಉದ್ಧಾರ ಮಾಡಿದೆವೆಂಬ ಭಾವ ಬೇಡ. ದಾನವೆಂದು ತಂದದ್ದರಿಂದ ಕೃತಜ್ಞತೆಯನ್ನು ನಿರೀಕ್ಷಿಸುತ್ತೇವೆ. ಅದು ಸೋಫಾ ಹರಿದ ದಿನ ನಮ್ಮ ಔದಾರ್ಯವೂ ಹರಿದುಹೋಗುತ್ತದೆ.

ಇಷ್ಟೆಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ಹೊರನಾಡಿನ ನಮಗೆ ಅಕ್ಕಪಕ್ಕದಲ್ಲಿ ಅಜ್ಜಿಯಿಲ್ಲ, ಚಿಕ್ಕಪ್ಪನ ಮನೆಯಿಲ್ಲ. ಮೇ ರಜೆಯಲ್ಲಿ ಉಡುಪಿಗೋ ಧಾರವಾಡಕ್ಕೋ ಹೊರಟಾಗ ನಾಯಿಯನ್ನು ಯಾರ ಬಳಿ ಬಿಡುತ್ತೇವೆ? ವರ್ಗವಾಗಿ ಪುಣೆಯಿಂದ ದೆಹಲಿಗೆ ಹೋಗಬೇಕಾದರೆ? ನಾಯಿ ಹನ್ನೆರಡು ಹದಿನೈದು ವರ್ಷ ಬಾಳುವ ಜೀವ. ಇಂದು ಹಟ ಮಾಡುವ ಐದನೆಯ ತರಗತಿಯ ಮಗ ಕೆಲಸಕ್ಕೆಂದು ಬೇರೆ ಊರಿಗೆ ಹೋಗುವ ಹೊತ್ತಿಗೆ ಅದು ಮುದಿಯಾಗಿ, ಕೀಲುನೋವಿನಿಂದ ನರಳುತ್ತ, ಅಪ್ಪ ಅಮ್ಮನ ಪಾಲಿಗೆ ಉಳಿದಿರುತ್ತದೆ. ಈ ಪ್ರಶ್ನೆಗಳಿಗೆ ಉತ್ತರವಿಲ್ಲದವರು ಬ್ರೀಡರ್ ಬಳಿಯೂ ಹೋಗಬಾರದು, ಶೆಲ್ಟರಿಗೂ ಹೋಗಬಾರದು. ಭಾನುವಾರ ಶೆಲ್ಟರಿಗೆ ಹೋಗಿ ನಾಯಿಗಳನ್ನು ನಡೆಸಿಕೊಂಡು ಬರುವ ಕೆಲಸಕ್ಕೆ ಮಗುವನ್ನು ಸೇರಿಸುವುದು ಅಂಥವರಿಗೆ ಉಳಿದ ಒಳ್ಳೆಯ ದಾರಿ. ಹಟವೂ ತೀರುತ್ತದೆ, ಹೊಣೆಯ ರುಚಿಯೂ ತಿಳಿಯುತ್ತದೆ.

ಉತ್ತರವಿದ್ದವರು ಶೆಲ್ಟರಿನಿಂದ ಆರಂಭಿಸಲಿ. ಕಾರಣವಿದ್ದು ಬ್ರೀಡರ್ ಬಳಿಗೇ ಹೋಗುವವರು ಮೂರು ಮಾತು ಕೇಳಲಿ: ನೋಂದಣಿ ಪತ್ರ ಎಲ್ಲಿ, ಇದರ ತಾಯಿ ಎಲ್ಲಿ, ನಮಗೆ ಸಾಕಲಾಗದ ದಿನ ನೀವು ಹಿಂದಕ್ಕೆ ಪಡೆಯುತ್ತೀರಾ. ಒಳ್ಳೆಯ ಬ್ರೀಡರ್ ಈ ಮಾತಿಗೆ ಸಿಟ್ಟಾಗುವುದಿಲ್ಲ. ಅವನೇ ನಿಮ್ಮನ್ನು ಹತ್ತು ಪ್ರಶ್ನೆ ಕೇಳುತ್ತಾನೆ. ತಾಯಿ ಊರಿನಲ್ಲಿದೆ, ತೋಟದಲ್ಲಿದೆ, ನಾಳೆ ತೋರಿಸುತ್ತೇನೆ ಎಂಬ ಉತ್ತರ ಬಂದರೆ, ಮರಿ ಎಷ್ಟೇ ಮುದ್ದಾಗಿದ್ದರೂ, ಮಗು ಎಷ್ಟೇ ಅತ್ತರೂ, ಹಣ ಕೊಡದೆ ಎದ್ದು ಬರಬೇಕು. ಆ ಮರಿಯನ್ನು ಕನಿಕರದಿಂದ ಕೊಂಡರೂ ಅದರ ತಾಯಿಯ ಮುಂದಿನ ಬಸಿರಿಗೆ ನಾವೇ ಮುಂಗಡ ಕೊಟ್ಟಂತಾಗುತ್ತದೆ.