ರಾಕ್ ಪತ್ರಿಕೆಯ ಕವಿಸಮಯ

ಚಕೋರವು ಬೆಳದಿಂಗಳನ್ನು ಉಂಡು ಬದುಕುತ್ತದೆ. ಕೀರ್ತಿಯ ಬಣ್ಣ ಬಿಳುಪು. ಹಂಸವು ನೀರನ್ನುಳಿದು ಹಾಲನ್ನಷ್ಟೇ ಹೀರುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇವನ್ನು ಕವಿಸಮಯವೆಂದು ಓದುತ್ತಾರೆ, ಪರೀಕ್ಷೆಯಲ್ಲಿ ಟಿಪ್ಪಣಿ ಬರೆಯುತ್ತಾರೆ, ಅಲ್ಲಿಗೆ ಮರೆಯುತ್ತಾರೆ. ಚಕೋರವನ್ನು ಕಣ್ಣಾರೆ ಕಂಡು ಹಾಗೆ ಬರೆದ ಕವಿ ಯಾರೂ ಇಲ್ಲ. ಅದು ಕವಿಗೂ ಸಹೃದಯನಿಗೂ ನಡುವೆ ನಡೆದುಬಂದ ಒಂದು ಒಪ್ಪಂದ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಅದನ್ನು ವಿಸ್ತಾರವಾಗಿಯೇ ಚರ್ಚಿಸಿದ್ದಾನೆ. ಇಂಥ ಒಪ್ಪಂದಗಳು ಹಳಗನ್ನಡದೊಡನೆ ಮುಗಿದುಹೋದವೆಂಬ ನಂಬಿಕೆ ತರಗತಿಗಳಲ್ಲಿ ಬೇರೂರಿದೆ. ಅದು ತಪ್ಪು ನಂಬಿಕೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ತೂಗುಹಾಕಿದ ಪತ್ರಿಕೆಗಳ ಸಾಲನ್ನು ನೋಡಿದರೆ ಸಾಕು. ಒಂದಕ್ಷರವನ್ನೂ ಓದುವ ಮೊದಲೇ ಇದು ಸಿನಿಮಾ ಪತ್ರಿಕೆ, ಇದು ಧಾರ್ಮಿಕ ಮಾಸಿಕ, ಇದು ಸ್ಪರ್ಧಾ ಪರೀಕ್ಷೆಯ ಮಾರ್ಗದರ್ಶಿ ಎಂದು ಗುರುತು ಹತ್ತುತ್ತದೆ. ಆ ಗುರುತು ಹತ್ತಿಸುವುದೇ ಇಂದಿನ ಕವಿಸಮಯ.

ಈ ಒಪ್ಪಂದಗಳು ಬಹಳ ದಟ್ಟವಾಗಿರುವ ಪ್ರಕಾರಗಳಲ್ಲೊಂದು ರಾಕ್ ಸಂಗೀತದ ಪತ್ರಿಕೆ. ಮೇಲ್ಗಡೆ ಪುಟದ ಅಗಲಕ್ಕೂ ಹರಡಿದ ದಪ್ಪ ಶೀರ್ಷಿಕೆ. ಅದರ ಒಂದೆರಡು ಅಕ್ಷರಗಳನ್ನು ಮರೆಮಾಡಿ ನಿಂತ ಗಾಯಕನ ತಲೆ. ಓದುಗನನ್ನು ನೇರವಾಗಿ ದಿಟ್ಟಿಸುವ, ನಗದ ಮುಖ. ಕಪ್ಪು, ಕೆಂಪು, ಬಿಳಿ ಎಂಬ ಮೂರೇ ಬಣ್ಣ. ಅಂಚಿನಲ್ಲಿ ಒಳಪುಟಗಳ ಆಮಿಷ. ಇಂಗ್ಲೆಂಡಿನ ಪದವಿಪೂರ್ವ ಮಾಧ್ಯಮ ಅಧ್ಯಯನದಲ್ಲಿ ಇಂಥ ಸಂಗೀತ ಪತ್ರಿಕೆಯೊಂದರ ಮುಖಪುಟ, ಪರಿವಿಡಿ, ಜೋಡಿಪುಟಗಳನ್ನು ವಿದ್ಯಾರ್ಥಿಯೇ ರಚಿಸಿ ಒಪ್ಪಿಸುವುದು ಹಲವು ವರ್ಷಗಳ ಕಾಲ ಪರೀಕ್ಷೆಯ ಭಾಗವಾಗಿತ್ತು. ಪ್ರಕಾರದ ಯಾವ ಸಂಪ್ರದಾಯವನ್ನು ಪಾಲಿಸಲಾಗಿದೆ, ಯಾವುದನ್ನು ಮೀರಲಾಗಿದೆ, ಏಕೆ ಎಂಬುದಕ್ಕೆ ಅಲ್ಲಿ ಉತ್ತರ ಬರೆಯಬೇಕಿತ್ತು. ಚಂಪೂಕಾವ್ಯದ ಅಷ್ಟಾದಶ ವರ್ಣನೆಗಳನ್ನು ಪಟ್ಟಿ ಮಾಡಬಲ್ಲ ವಿದ್ಯಾರ್ಥಿಗೆ ಈ ಪ್ರಶ್ನೆ ಹೊಸದೇನಲ್ಲ. ಕನ್ನಡ ವಿಭಾಗಗಳು ಇಂಥ ಅಭ್ಯಾಸವನ್ನು ಕೈಗೆತ್ತಿಕೊಳ್ಳದಿರುವುದೇ ಆಶ್ಚರ್ಯದ ಸಂಗತಿ.

ಸಂಪ್ರದಾಯಗಳು ಹುಟ್ಟುವ ರೀತಿಯೂ ಸ್ವಾರಸ್ಯಕರವಾಗಿದೆ. 1967ರ ನವೆಂಬರ್ 9ರ ದಿನಾಂಕ ಹೊತ್ತು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ರೋಲಿಂಗ್ ಸ್ಟೋನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂಡಾಯದ ಸಂಗೀತವಿತ್ತು, ಆದರೆ ಬಂಡಾಯದ ವಿನ್ಯಾಸವಿರಲಿಲ್ಲ. ಅದರ ಸಂಸ್ಥಾಪಕರಾದ ಯಾನ್ ವೆನ್ನರ್ ಮತ್ತು ರಾಲ್ಫ್ ಗ್ಲೀಸನ್ ತಾವು ಹಿಂದೆ ಬರೆಯುತ್ತಿದ್ದ, ಆಗಲೇ ನಿಂತುಹೋಗಿದ್ದ ಒಂದು ವಾರಪತ್ರಿಕೆಯ ಪುಟವಿನ್ಯಾಸವನ್ನೇ ಎತ್ತಿಕೊಂಡರು. ಗಂಭೀರವಾದ ಅಂಕಣಗಳು, ಅಂಕಣಗಳ ನಡುವೆ ಗೆರೆಗಳು, ಹಳೆಯ ಇಂಗ್ಲಿಷ್ ದಿನಪತ್ರಿಕೆಗಳ ಅಚ್ಚಿನ ಮೊಳೆ. ಶೀರ್ಷಿಕೆಯ ಅಕ್ಷರಗಳು ಮಾತ್ರ ರಾಕ್ ಕಛೇರಿಗಳ ಭಿತ್ತಿಚಿತ್ರ ಬರೆಯುತ್ತಿದ್ದ ರಿಕ್ ಗ್ರಿಫಿನ್‌ನವು. ಹುಡುಗರ ಹಾಡನ್ನು ಹಿರಿಯರ ಪತ್ರಿಕೆಯ ಉಡುಪಿನಲ್ಲಿ ನಿಲ್ಲಿಸಿದ್ದರಿಂದಲೇ ಆ ಹಾಡಿಗೆ ವಿಮರ್ಶೆಯ ಘನತೆ ದಕ್ಕಿತು. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ಇದಕ್ಕೆ ತೀರ ವಿರುದ್ಧ ದಾರಿ ಹಿಡಿದ. ಬೆರಳಚ್ಚು ಯಂತ್ರದಲ್ಲಿ ಬರೆದು, ಶೀರ್ಷಿಕೆಗಳನ್ನು ದಪ್ಪ ಮಸಿಪೆನ್ನಿನಿಂದ ಗೀಚಿ, ನಕಲು ಯಂತ್ರದಲ್ಲಿ ತೆಗೆದ ಅವನ ಪಂಕ್ ಪತ್ರಿಕೆ ಸ್ನಿಫಿನ್ ಗ್ಲೂ ಬಡತನವನ್ನೇ ಶೈಲಿಯಾಗಿಸಿತು. ಕೆಲವೇ ವರ್ಷಗಳಲ್ಲಿ ಹಣವುಳ್ಳ ಪತ್ರಿಕೆಗಳೂ ಆ ಹರಕು ಅಂಚನ್ನು ದುಡ್ಡು ಕೊಟ್ಟು ಮಾಡಿಸತೊಡಗಿದವು! ಮೀರುವುದು ಕೂಡ ಬೇಗನೆ ಸಂಪ್ರದಾಯವಾಗುತ್ತದೆ.

1981ರಲ್ಲಿ ಹೊರಟ ಕೆರಾಂಗ್ ಪತ್ರಿಕೆಯ ಹೆಸರನ್ನು ವ್ಯಾಕರಣದ ವಿದ್ಯಾರ್ಥಿ ವಿಶೇಷವಾಗಿ ಗಮನಿಸಬೇಕು. ಅದು ವಿದ್ಯುತ್ ಗಿಟಾರಿನ ತಂತಿಗಳನ್ನು ಒಮ್ಮೆಗೇ ಬಾರಿಸಿದಾಗ ಹೊರಡುವ ಸದ್ದು. ನಮ್ಮ ಪರಿಭಾಷೆಯಲ್ಲಿ ಅಪ್ಪಟ ಅನುಕರಣಾವ್ಯಯ. ಕೇಶಿರಾಜನು ಅನುಕರಣ ಶಬ್ದಗಳಿಗೆ ವ್ಯಾಕರಣದಲ್ಲಿ ಸ್ಥಾನ ಕೊಟ್ಟು ಏಳುನೂರು ವರ್ಷಗಳ ಮೇಲಾಯಿತು. ಗುಡುಗುಡು, ಢಣಢಣ, ಝಲ್ಲನೆ, ಧೊಪ್ಪನೆ ಎಂದು ಇಷ್ಟೊಂದು ಸದ್ದನ್ನು ಒಡಲಲ್ಲಿಟ್ಟುಕೊಂಡ ಭಾಷೆ ಒಂದು ಸಂಗೀತ ಪತ್ರಿಕೆಗೆ ಹೆಸರಿಡಲು ಇಂಗ್ಲಿಷಿನ ಮುಂದೆ ಕೈಚಾಚಬೇಕಾಗಿಲ್ಲ.

ಕೆರಾಂಗಿನ ಶೀರ್ಷಿಕೆಯ ಅಕ್ಷರಗಳು ಒಡೆದ ಗಾಜಿನಂತೆ ಬಿರುಕು ಬಿಟ್ಟಿವೆ. ಭಾರೀ ಸದ್ದಿಗೆ ಅಕ್ಷರವೂ ಸೀಳಿತು ಎಂಬುದು ಇಲ್ಲಿನ ಧ್ವನಿ. ಬಿರುಕು, ಅವಶೇಷ, ತಲೆಬುರುಡೆ ಈ ಪ್ರಕಾರದ ಚಕೋರ, ಹಂಸಗಳಿದ್ದಂತೆ. ಆದರೆ ಉಮರ್ಗಾ ಸೀಮೆಯ ಸಾಸ್ತೂರದ ವಿದ್ಯಾರ್ಥಿಯೊಬ್ಬ ಇಂಥ ಪತ್ರಿಕೆಯನ್ನು ರೂಪಿಸಲು ಕುಳಿತನೆಂದುಕೊಂಡರೆ ಆ ಬಿರುಕು ಅವನ ಕೈಯಲ್ಲಿ ಅಷ್ಟು ಹಗುರವಾಗಿ ಉಳಿಯುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆಯ ಮೆರವಣಿಗೆ ಮುಗಿಸಿ ಊರು ಮಲಗಿದ್ದಾಗ, ಕಿಲ್ಲಾರಿ ಮತ್ತು ಸಾಸ್ತೂರದ ಸುತ್ತಣ ಹಳ್ಳಿಗಳನ್ನು ಭೂಕಂಪ ನೆಲಸಮ ಮಾಡಿತು. ಸಾವಿರಾರು ಜನರನ್ನು ಕೊಂದದ್ದು ಕಲ್ಲೇ. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಮರದ ತೊಲೆ, ತೊಲೆಯ ಮೇಲೆ ಮಣ್ಣು ಹೇರಿದ ಮಾಳಿಗೆ. ಈ ಭಾಗದ ಮರಾಠಿಯಲ್ಲಿ ಅದಕ್ಕೆ ಮಾಳವದ ಎನ್ನುತ್ತಾರೆ. ಎರಡು ಮಾತುಗಳ ನಂಟು ಕಿವಿಗೇ ತಿಳಿಯುತ್ತದೆ. ಇಂದಿನ ವಿದ್ಯಾರ್ಥಿಗಳು ಆಮೇಲೆ ಹುಟ್ಟಿದವರು. ಆದರೆ ಅವರ ಮನೆಯ ಹಿರಿಯರು ಬಿರುಕುಬಿಟ್ಟ ಅಕ್ಷರವನ್ನು ಅಲಂಕಾರವೆಂದು ಓದಲಾರರು. ಹಾಗಾದರೆ ಬಿರುಕನ್ನು ಬಳಸಕೂಡದೇ? ಬಳಸಬಹುದು, ಆದರೆ ಎರವಲು ಆಭರಣವಾಗಿ ಅಲ್ಲ. ಸಾಸ್ತೂರದ ಪತ್ರಿಕೆಯಲ್ಲಿ ಬಿರುಕು ಬಂದರೆ ಅದು ಆ ಊರಿನ ಬಿರುಕೇ ಆಗಿರಬೇಕಾಗುತ್ತದೆ. ಇದನ್ನು ವಿದ್ಯಾರ್ಥಿಗೆ ತಿಳಿಸಿಕೊಡಬೇಕಾದದ್ದು ಚಿತ್ರಕಲೆಯ ಅಧ್ಯಾಪಕರಿಗಿಂತ ಮೊದಲು ಸಾಹಿತ್ಯದ ಅಧ್ಯಾಪಕರು.

ಅದೇ 1993ರಲ್ಲಿ ಅಲಹಾಬಾದಿನಲ್ಲಿ ಅಮಿತ್ ಸೈಗಲ್ ಎಂಬ ತರುಣ ರಾಕ್ ಸ್ಟ್ರೀಟ್ ಜರ್ನಲ್ ಎಂಬ ಪತ್ರಿಕೆ ಆರಂಭಿಸಿದ. ರೋಲಿಂಗ್ ಸ್ಟೋನ್‌ನ ಭಾರತೀಯ ಆವೃತ್ತಿ ಬರಲು 2008ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ದೇಶದ ರಾಕ್ ತಂಡಗಳಿಗೆ ಒಂದು ಪುಟವನ್ನು ಕೊಟ್ಟದ್ದರಲ್ಲಿ ಮುಂಬಯಿ, ಬೆಂಗಳೂರುಗಳಿಗಿಂತ ಗಂಗಾತೀರದ ಆ ಊರಿನ ಪಾಲು ದೊಡ್ಡದು. ಊರು ಸಣ್ಣದೆಂಬ ನೆಪವನ್ನು ಈ ಒಂದು ಉದಾಹರಣೆ ಬಾಯಿಮುಚ್ಚಿಸುತ್ತದೆ. ಆದರೆ ಆ ಪತ್ರಿಕೆಯೂ ಇಂಗ್ಲಿಷಿನದು. ಕನ್ನಡದಲ್ಲಿ ಮಾಡಹೊರಟವನಿಗೆ ಮೊದಲ ತೊಡಕು ಎದುರಾಗುವುದು ಲಿಪಿಯಲ್ಲೇ.

ಇಂಗ್ಲಿಷಿನ ರಾಕ್ ಶೀರ್ಷಿಕೆ ದೊಡ್ಡಕ್ಷರಗಳ ಮೇಲೆ ನಿಂತಿದೆ. ಮೇಲೂ ಕೆಳಗೂ ಸಮನಾಗಿ ಕೊಯ್ದ, ಇಟ್ಟಿಗೆಯಂತೆ ಜೋಡಿಸಬಲ್ಲ ಅಕ್ಷರಗಳವು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ತಲೆಕಟ್ಟು, ಗುಣಿತಗಳು ಮೇಲಕ್ಕೆ ಚಾಚುತ್ತವೆ, ಒತ್ತಕ್ಷರಗಳು ಕೆಳಗಿಳಿಯುತ್ತವೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನಷ್ಟೇ ಬಿಗಿಗೊಳಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುತ್ತದೆ. ಮೊಳೆಯನ್ನು ಅತಿಯಾಗಿ ದಪ್ಪ ಮಾಡಿದರೆ ಖ, ಘ, ಣಗಳ ಹೊಟ್ಟೆಯೊಳಗಿನ ಬೆಳಕು ಮುಚ್ಚಿಹೋಗುತ್ತದೆ. ಲೇಖನದ ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ಹಿಗ್ಗಿಸುವ ಸಂಪ್ರದಾಯವಿದೆಯಲ್ಲ, ಲೇಖನ ‘ಸ್ತ್ರೀ’ ಎಂಬ ಪದದಿಂದ ಆರಂಭವಾದರೆ ಆ ಕೆಲಸ ಎಷ್ಟು ಕಷ್ಟವೆಂಬುದನ್ನು ಮಾಡಿಯೇ ನೋಡಬೇಕು. ದೇವನಾಗರಿಗೆ ಶಿರೋರೇಖೆಯ ಆಸರೆಯಿದೆ. ಅಕ್ಷರಗಳೆಲ್ಲ ಒಂದೇ ತೊಲೆಯಿಂದ ತೂಗುತ್ತವೆ. ಮರಾಠಿಯವರು ‘ರಾಕ್’ ಶಬ್ದದ ಮೇಲಿಡುವ ಅರ್ಧಚಂದ್ರವಂತೂ, ಮೋಟರ್‌ಹೆಡ್ ಮುಂತಾದ ತಂಡಗಳು ಬರಿಯ ಅಬ್ಬರಕ್ಕಾಗಿ ತಮ್ಮ ಹೆಸರಿನ ಮೇಲೆ ಇರಿಸಿಕೊಂಡ ಎರಡು ಚುಕ್ಕಿಗಳಿಗಿಂತ ಚೆಲುವಾಗಿದೆ, ಮತ್ತು ಅದಕ್ಕೆ ಉಚ್ಚಾರಣೆಯ ಕಾರಣವೂ ಇದೆ.

ಲಿಪಿಗಳು ಒಂದರಿಂದ ಒಂದು ಕಲಿಯಬಲ್ಲವು. ಮರಾಠಿ ಕವಿಯೂ ಅಕ್ಷರಶಿಲ್ಪಿಯೂ ಆಗಿದ್ದ ಆರ್. ಕೆ. ಜೋಶಿ ಅವರು ದೇವನಾಗರಿಯ ಮಂಗಲ್ ಫಾಂಟಿನಂತೆಯೇ ಕನ್ನಡದ ತುಂಗಾ ಫಾಂಟಿನ ಹಿಂದೆಯೂ ಇದ್ದವರು. ಗಣಕಯಂತ್ರದಲ್ಲಿ ಲಕ್ಷಾಂತರ ಕನ್ನಡಿಗರು ಓದಿದ ಅಕ್ಷರ ಒಬ್ಬ ಮರಾಠಿ ಕವಿಯ ಕೈಯಿಂದ ಬಂತೆಂಬುದನ್ನು ಗಡಿಯ ಎರಡೂ ಬದಿಯ ವೀರಾವೇಶದ ಭಾಷಣಕಾರರು ತಿಳಿದಿದ್ದರೆ ಒಳ್ಳೆಯದಿತ್ತು. ಒರಟು, ಚೂಪು ಅಕ್ಷರ ಬೇಕೆನ್ನುವವರಿಗೂ ಹೊರಗೆ ಹುಡುಕುವ ಅಗತ್ಯವಿಲ್ಲ. ಹಲ್ಮಿಡಿ ಶಾಸನದ ಕಾಲದ ಕನ್ನಡ ಲಿಪಿಗೆ ಇಂದಿನ ದುಂಡುತನವಿಲ್ಲ. ಮರಾಠವಾಡದ ಉದ್ದಗಲಕ್ಕೂ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ನಿಂತಿವೆ. ಕಲ್ಲಿನ ಪತ್ರಿಕೆಗೆ ಕಲ್ಲಿನ ಅಕ್ಷರ!

ರಾಕ್ ನಮ್ಮದಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ಸ್ಥಳ ವ್ಯಯಿಸಬೇಕಿಲ್ಲ. ಷರೀಫರ ತತ್ತ್ವಪದವನ್ನು ರಘು ದೀಕ್ಷಿತ್ ವಿದ್ಯುತ್ ಗಿಟಾರಿನೊಂದಿಗೆ ಹಾಡಿ 2008ರ ಧ್ವನಿಮುದ್ರಿಕೆಯಲ್ಲಿ ಕೊಟ್ಟಾಗ ಆ ಪದ ಕೆಡಲಿಲ್ಲ, ಅದಕ್ಕೆ ಹೊಸ ಕೇಳುಗರು ಹುಟ್ಟಿದರು. ಕೊಲ್ಹಾಪುರದಲ್ಲಿ ಹುಟ್ಟಿ ಮರಾಠಿ, ಇಂಗ್ಲಿಷ್ ಎರಡರಲ್ಲೂ ಬರೆದ ಅರುಣ ಕೊಲಟ್ಕರ್ ಹೊಟ್ಟೆಪಾಡಿಗೆ ಜಾಹೀರಾತಿನ ವಿನ್ಯಾಸಕಾರ. ಅವರು ಗೆಳೆಯರೊಡನೆ 1950ರ ದಶಕದಲ್ಲಿ ‘ಶಬ್ದ’ ಎಂಬ ಕಿರುಪತ್ರಿಕೆ ನಡೆಸಿದರು, 1970ರ ದಶಕದಲ್ಲಿ ರಾಕ್ ಧಾಟಿಯ ಹಾಡುಗಳನ್ನೂ ಬರೆದರು. ಕವಿತೆ, ಅಕ್ಷರವಿನ್ಯಾಸ, ಪತ್ರಿಕೆ, ರಾಕ್ ಇವು ಒಬ್ಬನೇ ಮನುಷ್ಯನಲ್ಲಿ ಜಗಳವಾಡದೆ ಇದ್ದವು. ನಿಲಂಗಾ, ಉದಗೀರದ ಕಡೆ ಒಂದೇ ಭಜನೆಯಲ್ಲಿ ವಚನವೂ ಮನ್ಮಥಸ್ವಾಮಿಗಳ ಮರಾಠಿ ಅಭಂಗವೂ ಸೇರುವುದನ್ನು ಕೇಳಿದವರಿಗೆ ಇದರಲ್ಲಿ ಬೆರಗಿಲ್ಲ.

ಪಂಪನು ಮಾರ್ಗ, ದೇಸಿಗಳನ್ನು ಒಂದೇ ಕಾವ್ಯದಲ್ಲಿ ಕೂಡಿಸಿದ ಬಗೆಯನ್ನು ಈ ವರ್ಷವೂ ವಿದ್ಯಾರ್ಥಿಗಳು ಓದುತ್ತಾರೆ. ಅದನ್ನು ಎಂಟು ಪುಟಗಳ ಒಂದು ಕೈಬರಹದ ಪತ್ರಿಕೆಯಲ್ಲಿ ಪ್ರಯೋಗಿಸಿ ನೋಡಲಿ. ಮುಖಪುಟದಲ್ಲಿ ಪ್ರಕಾರದ ಕಟ್ಟಳೆಯನ್ನು ಪಾಲಿಸಿ, ದಪ್ಪ ಶೀರ್ಷಿಕೆಯ ಕೆಳಗೆ ನೇರವಾಗಿ ದಿಟ್ಟಿಸುವ ಮುಖವನ್ನೇ ಇಡಲಿ. ಆದರೆ ಆ ಮುಖ ಊರಿನ ಹಲಗಿಯವನದ್ದಾಗಿರಲಿ. ಎಷ್ಟೋ ರಾಕ್ ಪತ್ರಿಕೆಗಳ ಕೊನೆಯಲ್ಲಿ ಮುಂಬರುವ ಕಛೇರಿಗಳ ಪಟ್ಟಿಯಿರುತ್ತದೆ: ಯಾವ ತಂಡ, ಯಾವ ಊರು, ಎಷ್ಟು ಗಂಟೆಗೆ. ಸಾಸ್ತೂರದ ಸುತ್ತ ರಾಕ್ ಕಛೇರಿ ಒಂದೂ ಇರಲಾರದು, ಹಾಗೆಂದು ಆ ಪುಟವನ್ನು ಕೈಬಿಡಬೇಕಾಗಿಲ್ಲ. ಯಾವ ಜಾತ್ರೆಗೆ ಯಾವ ಊರಿನ ಭಜನಾ ಮೇಳ ಬರುತ್ತದೆ, ಯಾವ ಮದುವೆಯಲ್ಲಿ ಯಾವ ಬ್ಯಾಂಡ್, ಭಾರೂಡ ಎಲ್ಲಿ, ಗೊಂಧಳ ಎಂದು, ರಾತ್ರಿ ಎಷ್ಟು ಹೊತ್ತಿಗೆ ಆರಂಭ, ಕೊನೆಯ ಬಸ್ ಎಷ್ಟಕ್ಕೆ ಎಂಬುದನ್ನೆಲ್ಲ ಅದೇ ಚಿಕ್ಕ ಅಕ್ಷರದಲ್ಲಿ, ಅದೇ ಇಕ್ಕಟ್ಟು ಅಂಕಣಗಳಲ್ಲಿ ತುಂಬಬಹುದು.