ಹಳೆಯ ಹ್ಯಾಟಿಗೆ ಹೊಸ ಅಸ್ತರು ಬೇಡ

ಫ್ರಾನ್ಸಿನ ಹಳೆಯ ಫೆಲ್ಟ್ ಹ್ಯಾಟುಗಳನ್ನು ಮಾರುವವರ ಬಾಯಲ್ಲಿ ಎರಡು ಮಾತು ಸದಾ ಸಿದ್ಧವಿರುತ್ತವೆ: ‘ಇದು ಮೂವತ್ತರ ದಶಕದ್ದು’, ‘ಪೂರ್ತಿ ರಿಪೇರಿ ಮಾಡಿಸಿದ್ದೇವೆ, ಹೊಸದರಂತಿದೆ’. ಎರಡನೆಯ ಮಾತು ನಿಜವಾದರೆ ಮೊದಲನೆಯದನ್ನು ಸಾಬೀತು ಮಾಡುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ. ಆದರೂ ಸಂಗ್ರಹಕಾರರು ಅಂಥದ್ದಕ್ಕೇ ದುಡ್ಡು ಸುರಿಯುತ್ತಾರೆ. ಬೆವರಿನ ಕಲೆ ಹೊತ್ತ, ಅಸ್ತರು ಹರಿದ, ಯಾರೂ ಕೈಯಾಡಿಸದ ಹ್ಯಾಟು ಮೂಲೆಯ ರಾಶಿಯಲ್ಲಿ ಬಿದ್ದಿರುತ್ತದೆ. ಬೆಲೆ ಕಟ್ಟುವ ಈ ಕ್ರಮ ತಲೆಕೆಳಗಾಗಬೇಕು.

ಆಕಾರ ನೋಡಿ ಕಾಲ ಹೇಳುವ ಚಾಳಿಯೇ ಈ ಗೊಂದಲದ ಮೂಲ. 1970ರಲ್ಲಿ ಜಾಕ್ ದೆರೇ ನಿರ್ದೇಶನದ ‘ಬೊರ್ಸಲೀನೊ’ ತೆರೆಗೆ ಬಂತು. ಮೂವತ್ತರ ದಶಕದ ಮಾರ್ಸೇ ನಗರದ ಭೂಗತ ಲೋಕದ ಕಥೆ. ಬೆಲ್ಮಾಂಡೊ ಮತ್ತು ಅಲೆನ್ ಡೆಲೋನ್ ಜೋಡಿ. ಹೆಸರು ಇಟಲಿಯ ಹ್ಯಾಟ್ ಕಂಪನಿಯೊಂದರದು, ಶೋಕಿ ಮಾತ್ರ ಅಪ್ಪಟ ಫ್ರೆಂಚರದು. ಚಿತ್ರ ಗೆದ್ದಿತು, ಅದರೊಂದಿಗೆ ಅಜ್ಜಂದಿರ ಕಾಲದ ಹ್ಯಾಟಿನ ಗೀಳೂ ಮರಳಿತು. ಎಪ್ಪತ್ತರ ದಶಕದಲ್ಲಿ ತಯಾರಾದ ಹ್ಯಾಟು ಮೂವತ್ತರದರಂತೆ ಕಂಡರೆ ಅಚ್ಚರಿಯೇನಿಲ್ಲ, ಹಾಗೆ ಕಾಣಲೆಂದೇ ಅದನ್ನು ಮಾಡಿದ್ದು. ಸಾಲದ್ದಕ್ಕೆ ಫೆಲ್ಟು ಬಲು ವಿಧೇಯ ವಸ್ತು. ಹಬೆ ಹಿಡಿದರೆ ನೆತ್ತಿಯ ಗುಳಿ ಬದಲಾಗುತ್ತದೆ, ಕತ್ತರಿ ಹಿಡಿದರೆ ಅಂಚು ಕಿರಿದಾಗುತ್ತದೆ.

ನಂಬಬಹುದಾದ ಸಾಕ್ಷ್ಯವಿರುವುದು ಹ್ಯಾಟಿನ ಒಳಗೆ. ಹಣೆಗೆ ತಾಗುವ ಚರ್ಮದ ಪಟ್ಟಿಯ ಮೇಲೆ ಅಂಗಡಿಯ ಹೆಸರನ್ನು ಚಿನ್ನದ ಬಣ್ಣದಲ್ಲಿ ಒತ್ತಿರುತ್ತಾರೆ. ಅಸ್ತರಿನ ನಡುವೆ ಲಾಂಛನ, ವಿಳಾಸ. ಪಟ್ಟಿಯ ಹಿಂದೆ ಅಳತೆಯ ಪುಟ್ಟ ಕಾಗದದ ಚೀಟಿ. ಕೆಲವರು ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಲೋಹದಲ್ಲಿ ಮಾಡಿಸಿ ಪಟ್ಟಿಗೆ ಚುಚ್ಚಿಸಿಕೊಳ್ಳುತ್ತಿದ್ದರು. ಇವುಗಳಲ್ಲಿ ಹ್ಯಾಟಿನ ಚೆಲುವಿಗೆ ತೀರಾ ಬೇಡದ್ದೆಂದು ಕಾಣುವ ವಿಳಾಸ, ಫೋನ್ ನಂಬರುಗಳೇ ಕಾಲದ ವಿಷಯದಲ್ಲಿ ಹೆಚ್ಚು ಬಾಯಿಬಿಡುತ್ತವೆ.

ಪ್ಯಾರಿಸ್ ಅಂಗಡಿಯೊಂದರ ಹ್ಯಾಟು ಸಿಕ್ಕಿತೆನ್ನಿ. ಒಳಗೆ ‘ಆರ್.ಸಿ. ಸೇನ್’ ಎಂಬ ಮುದ್ರೆ, ಪಕ್ಕದಲ್ಲಿ ನಂಬರು. ಅದು ವ್ಯಾಪಾರ ನೋಂದಣಿಯ ಗುರುತು. ಫ್ರಾನ್ಸಿನಲ್ಲಿ ಆ ನೋಂದಣಿಯ ಕಾನೂನು ಬಂದದ್ದು 1919ರಲ್ಲಿ. ಆದ್ದರಿಂದ ಮುದ್ರೆ ಅದಕ್ಕಿಂತ ಹಳೆಯದಿರಲಾರದು. ಪ್ಯಾರಿಸ್ಸನ್ನು ಒಳಗೊಂಡಿದ್ದ ಸೇನ್ ಜಿಲ್ಲೆಯನ್ನೇ 1968ರಲ್ಲಿ ಒಡೆದು ಹಲವು ಜಿಲ್ಲೆಗಳನ್ನಾಗಿ ಮಾಡಿದರು, ಅಲ್ಲಿಗೆ ಇನ್ನೊಂದು ತುದಿಯೂ ಗೊತ್ತಾಯಿತು. ಈಗ ಫೋನ್ ನಂಬರು ನೋಡಬೇಕು. 1928ರಿಂದ ಪ್ಯಾರಿಸ್ಸಿನಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜುಗಳು ಬರತೊಡಗಿದವು; ಎಕ್ಸ್‌ಚೇಂಜಿನ ಹೆಸರಿನ ಮೊದಲ ಮೂರು ಅಕ್ಷರ, ಆಮೇಲೆ ನಾಲ್ಕು ಅಂಕಿ ತಿರುಗಿಸುವ ಪದ್ಧತಿ ಶುರುವಾಯಿತು. 1963ರಲ್ಲಿ ಅಕ್ಷರಗಳು ಹೋಗಿ ಬರೀ ಅಂಕಿ ಉಳಿದವು. ಮೂರು ದೊಡ್ಡಕ್ಷರಗಳ ನಂಬರಿದ್ದರೆ ಹ್ಯಾಟಿನ ಕಾಲ ಹೆಚ್ಚುಕಡಿಮೆ ಆ ಮೂವತ್ತೈದು ವರ್ಷಗಳ ನಡುವಿನದು. ಅಂಗಡಿಯವನು ಹಳೆಯ ಲೇಬಲುಗಳ ಕಟ್ಟು ಮುಗಿಯುವವರೆಗೆ ಅವನ್ನೇ ಹೊಲಿಸಿರಬಹುದು, ಆ ಅನುಮಾನಕ್ಕೆ ಎರಡು ಮೂರು ವರ್ಷ ಬಿಟ್ಟುಕೊಡಬೇಕು.

ಪ್ಯಾರಿಸ್ಸಿನ ಹೊರಗೆ ಜಿಲ್ಲೆಯ ಹೆಸರುಗಳು ನೆರವಿಗೆ ಬರುತ್ತವೆ. ಕೆಲವು ಜಿಲ್ಲೆಗಳ ಹೆಸರಿನಲ್ಲಿ ‘ಆಂಫೇರಿಯರ್’, ಅಂದರೆ ‘ಕೆಳಗಿನ’ ಎಂಬ ಪದವಿತ್ತು; ಹಾಗೆ ಕರೆಸಿಕೊಳ್ಳುವುದು ಅಲ್ಲಿನ ಜನಕ್ಕೆ ಹಿಡಿಸಲಿಲ್ಲ. ರುಆನ್ ನಗರವಿರುವ ಸೇನ್ ಆಂಫೇರಿಯರ್ ಜಿಲ್ಲೆ 1955ರಲ್ಲಿ ಸೇನ್ ಮಾರಿಟೀಮ್ ಆಯಿತು, ನಾಂತ್ ನಗರದ ಲ್ವಾರ್ ಆಂಫೇರಿಯರ್ 1957ರಲ್ಲಿ ಲ್ವಾರ್ ಅಟ್ಲಾಂಟೀಕ್ ಆಯಿತು. ಪ್ಯಾರಿಸ್ ಬೀದಿಗಳದ್ದೂ ಇದೇ ಕಥೆ. ಮೋಚ್ ಎಂಬ ಹೆಸರಾಂತ ಅಂಗಡಿಯಿದ್ದ ಅವೆನ್ಯೂ ಜಾರ್ಜ್ ಸ್ಯಾಂಕ್‌ಗೆ ಆ ಹೆಸರು ಬಂದದ್ದು 1918ರಲ್ಲಿ, ಅದಕ್ಕೆ ಮುಂಚೆ ಅದು ಅವೆನ್ಯೂ ದ ಲಾಲ್ಮಾ.

ಎಲ್ಲ ಗುರುತೂ ಇಷ್ಟು ಉಪಕಾರಿಯಲ್ಲ. ಪೇಟೆಂಟ್ ಪಡೆದದ್ದೆಂದು ಸಾರುವ ‘ಎಸ್.ಜಿ.ಡಿ.ಜಿ.’ ಮುದ್ರೆ 1844ರಿಂದ 1968ರವರೆಗೆ ಚಾಲ್ತಿಯಲ್ಲಿತ್ತು. ಅದನ್ನು ತೋರಿಸಿ ‘ತುಂಬಾ ಹಳೆಯದು’ ಎನ್ನುವವರಿಗೆ ನಕ್ಕು ಸುಮ್ಮನಾಗಬಹುದು. 1900ರ ಪ್ಯಾರಿಸ್ ವಸ್ತುಪ್ರದರ್ಶನದ ಪದಕದ ಚಿತ್ರವಿದ್ದರೆ ಹ್ಯಾಟು 1900ಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ. ಒಮ್ಮೆ ಗೆದ್ದ ಪದಕವನ್ನು ದಶಕಗಟ್ಟಲೆ ಮೆರೆಸುವುದು ಕಂಪನಿಗಳ ಹಳೆಯ ಅಭ್ಯಾಸ.

ಮುದ್ರೆಯ ಹೆಸರು ತಯಾರಕನದ್ದೇ ಎಂದೂ ತಿಳಿಯಬಾರದು. ಫೆಲ್ಟು ಬರುತ್ತಿದ್ದುದು ಲಿಯೋನ್ ಹತ್ತಿರದ ಶಾಜೆಲ್, ಓಡ್ ಕಣಿವೆಯ ಎಸ್ಪೆರಾಜಾ, ಮೋಸಾನ್ ಕಾರ್ಖಾನೆಯಿದ್ದ ಬೂರ್ಗ್ ದ ಪೇಆಜ್‌ನಂಥ ಸಣ್ಣ ಊರುಗಳಿಂದ. ಅಂಗಡಿಯವನು ಎಷ್ಟೋ ಸಲ ತನ್ನ ಹೆಸರನ್ನಷ್ಟೇ ಒತ್ತಿಸುತ್ತಿದ್ದ. ಶಾಜೆಲ್‌ನ ಹಳೆಯ ಫ್ಲೇಶೆ ಕಾರ್ಖಾನೆ ಈಗ ಹ್ಯಾಟುಗಳ ಮ್ಯೂಸಿಯಂ. ಮೊಲದ ತುಪ್ಪಳ ಬಿಸಿನೀರಿನಲ್ಲಿ ಕುಗ್ಗಿ, ಒಂದಕ್ಕೊಂದು ಹೆಣೆದುಕೊಂಡು ಫೆಲ್ಟಾಗುವ ಬಗೆಯನ್ನು ಅಲ್ಲಿ ತಿಳಿಯಬಹುದು.

ಆ ತುಪ್ಪಳದ ಕಾರಣಕ್ಕೇ ರಿಪೇರಿಯ ಉತ್ಸಾಹ ಅಪಾಯಕಾರಿಯೂ ಹೌದು. ಕೂದಲು ಚೆನ್ನಾಗಿ ಹೆಣೆದುಕೊಳ್ಳಲೆಂದು ಪಾದರಸವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಚರ್ಮಕ್ಕೆ ಬಳಿಯುತ್ತಿದ್ದರು. ಅದರ ಆವಿ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು, ಬುದ್ಧಿಯೂ ಕೆಡುತ್ತಿತ್ತು. 19ನೇ ಶತಮಾನದ ಮತ್ತು 20ನೇ ಶತಮಾನದ ಆರಂಭದ ಹ್ಯಾಟುಗಳಲ್ಲಿ ಆ ಪಾದರಸ ಇಂದಿಗೂ ಪತ್ತೆಯಾಗುತ್ತದೆ, ಮ್ಯೂಸಿಯಂನವರು ಕೈಗವಸು ಹಾಕಿಯೇ ಮುಟ್ಟುತ್ತಾರೆ. ಅಂಥದ್ದನ್ನು ಅಡುಗೆಮನೆಯ ಕೆಟಲ್ ಮೇಲೆ ಹಿಡಿದು ಹಬೆ ಕೊಡುವುದು ಮೂರ್ಖತನ. ನುಸಿ ಹಿಡಿದಿದೆಯೆಂಬ ಭಯವಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟರಾಯಿತು.

ಹ್ಯಾಟು ಇರುವುದು ತಲೆಗೆ ಹಾಕಿಕೊಳ್ಳಲು, ಗಾಜಿನ ಪೆಟ್ಟಿಗೆಗಲ್ಲ ಎನ್ನುವವರ ವಾದದಲ್ಲೂ ಹುರುಳಿದೆ. ಒಡೆದ ಚರ್ಮದ ಪಟ್ಟಿಯನ್ನು ಹಣೆಗೆ ಒತ್ತಿಕೊಂಡು ಯಾರೂ ತಿರುಗಲಾರರು. ಬದಲಾಯಿಸುವವರು ಬದಲಾಯಿಸಲಿ. ಆದರೆ ಕಿತ್ತ ಪಟ್ಟಿ, ಅಸ್ತರು, ಅಳತೆಯ ಚೀಟಿ ಕಸದ ಬುಟ್ಟಿಗೆ ಹೋಗಬಾರದು. ಲಕೋಟೆಯಲ್ಲಿ ಹಾಕಿ ಹ್ಯಾಟಿನ ಜೊತೆಗೇ ಕೊಡಬೇಕು. ಕಿತ್ತುಹಾಕುವ ಮುಂಚಿನ ಒಳಭಾಗದ ಫೋಟೊವೂ ಇರಬೇಕು. ಇವೆರಡೂ ಇಲ್ಲದೆ ‘ಮೂವತ್ತರ ದಶಕದ್ದು’ ಎನ್ನುವ ವ್ಯಾಪಾರಿಗೆ, ಅಂಥದೇ ಹೊಸ ಹ್ಯಾಟಿನ ಬೆಲೆಗಿಂತ ಒಂದು ಯೂರೊ ಕೂಡ ಹೆಚ್ಚು ಕೊಡಬೇಕಾಗಿಲ್ಲ.